ಕೌದಿಗೆ ಬಿದ್ದ ಏಟು

ಟಾಹ್ಲೀವಾಲಾ
14 ಅಕ್ಟೋಬರ್ 1996

ತಾಜೋ ಅತ್ತಿಗೆಗೆ ಕನೀಜ್ ಮಾಡುವ ಸಲಾಂ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಕಾಗದ ಅಂದ ಕೂಡಲೇ ಸಾವಿನ ಸುದ್ದಿ ಅಂದುಕೊಂಡು ನೀನು ಎದೆ ಹಿಡಿದುಕೊಳ್ಳಬಾರದು. ನಿನ್ನ ಅಬ್ಬಾ ಆರಾಮಾಗಿದ್ದಾರೆ. ನಮ್ಮ ಯಜಮಾನರು, ನಿನ್ನಣ್ಣ ಮುರೀದ್, ಹೊಲಕ್ಕೆ ಹೋಗಿದ್ದಾರೆ. ನನ್ನ ಕೂಸು ಮಿಸ್ರೀಗೆ ನಾಲ್ಕು ತಿಂಗಳಾಯಿತು. ಎರಡು ದಿನದಿಂದ ಎಡಗಿವಿ ಉಜ್ಜಿಕೊಳ್ಳುತ್ತಿದ್ದಾಳೆ. ಅದು ಕಿವಿನೋವೋ ಬರೀ ಅಭ್ಯಾಸವೋ ತಿಳಿಯದೆ ನನಗೆ ಕೂತಲ್ಲಿ ನಿಂತಲ್ಲಿ ಅದೇ ಯೋಚನೆ. ಅದಿರಲಿ.

ಬಳೆ ಮಾರುವ ಬಖ್ತೋ ನಿನ್ನೆ ಬಂದಿದ್ದಳು. ನನಗೆ ತೊಡಿಸುತ್ತ ತೊಡಿಸುತ್ತ, "ನಿಮ್ಮತ್ತಿಗೆಗೆ ಈ ಸಲ ಬಳೆ ಏರ್ಲಿಲ್ಲ ಕಣಮ್ಮ, ಮುಂಗೈ ಊದ್ಕೊಂಡಿತ್ತು" ಅಂದಳು. ಅಂದವಳೇ ನನ್ನ ಮುಖ ನೋಡಿ ಮಾತು ತಿರುಗಿಸಿದಳು. ನಾನು ಬಿಡಲಿಲ್ಲ. ಹತ್ತಿ ಬಿಡಿಸುವವರಿಗೆ ರೊಟ್ಟಿ ತಡವಾಯಿತು ಎಂದು ನನ್ನಣ್ಣ ವಸಾಯಾ ಅವರೆಲ್ಲರ ಎದುರಿಗೆ ನಿನ್ನ ಮೇಲೆ ಕೈ ಮಾಡಿದ್ದು ಗೊತ್ತಾಯಿತು.

ಅತ್ತಿಗೆ, ಅವನ ಸಿಟ್ಟಿನ ಜೊತೆಯಲ್ಲೇ ಬೆಳೆದವಳು ನಾನು. ಅವನು ಹೊಲದಿಂದ ಬರುವ ಹೊತ್ತಿಗೆ ಬಾಗಿಲ ಹತ್ತಿರ ನೀರಿಟ್ಟಿರು, ಅವನು ಕೇಳುವ ಮೊದಲೇ. ಹುಕ್ಕಾ ಆರಿರಬಾರದು. ನನ್ನಮ್ಮ ಎದುರಿಗಿದ್ದಾಗ ಅವನಿಗೆ ಉತ್ತರ ಕೊಡಬೇಡ. ಅಮ್ಮ ಇಲ್ಲದಾಗಲೂ ಕೊಡಬೇಡ. ಹತ್ತಿ ಮುಗಿದು ಗೋಧಿ ಬಿತ್ತನೆಯಾದರೆ ತಾನೇ ತಣ್ಣಗಾಗುತ್ತಾನೆ. ಪ್ರತಿ ವರ್ಷ ಹಾಗೇ.

ಇವಳಿಗೆ ತನ್ನ ಚಿಂತೆ ಅಂತ ನೀನು ಅಂದುಕೊಳ್ಳುತ್ತೀ. ಹೌದು, ಸುಳ್ಳು ಯಾಕೆ ಹೇಳಲಿ. ನಿನ್ನನ್ನು ನನ್ನಣ್ಣನಿಗೆ ಕೊಟ್ಟದ್ದೂ ಬದಲಿಗೆ ನನ್ನನ್ನು ನಿನ್ನಣ್ಣನಿಗೆ ತಂದದ್ದೂ ಒಂದೇ ದಿನ. ನೀನು ಮುನಿಸಿಕೊಂಡು ಇಲ್ಲಿ ತವರಿಗೆ ಬಂದು ಕೂತರೆ ಅದೇ ಸಂಜೆ ನನ್ನನ್ನು ಅಲ್ಲಿಗೆ ಅಟ್ಟುತ್ತಾರೆ. ಹೀಗೆ ಹೆಣ್ಣು ಬದಲಿಸಿಕೊಳ್ಳುವ ವಟ್ಟಾ-ಸಟ್ಟಾದಲ್ಲಿ ಅದಕ್ಕೆ ಯಾರೂ ಪಂಚಾಯಿತಿ ಕೂಡ ಸೇರಿಸುವುದಿಲ್ಲ. ನಮ್ಮ ದೂರದ ಸೋದರತ್ತೆಯೊಬ್ಬಳು ಗಂಡನ ಜೊತೆ ಸುಖವಾಗಿದ್ದಳು. ಅತ್ತ ಅವಳ ಅಣ್ಣ ಅತ್ತಿಗೆ ಒಂದು ಎಮ್ಮೆ ಕರುವಿನ ವಿಷಯಕ್ಕೆ ಜಗಳವಾಡಿ ಬೇರೆಯಾದರು. ಇತ್ತ ಇವಳನ್ನು ಟಾಂಗಾ ಹತ್ತಿಸಿದರು. ನಾಲ್ಕು ಮಕ್ಕಳು ಗಾಲಿ ಹಿಡಿದುಕೊಂಡು ಓಡಿದ್ದನ್ನು ನಾನೇ ನೋಡಿದ್ದೇನೆ.

ನನಗೆ ಇಲ್ಲಿ ಸುಖವಿದೆ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೂ ಇದೆ. ಸ್ವಲ್ಪ ತಡೆದುಕೋ ಅತ್ತಿಗೆ.

ನನ್ನ ಅಕ್ಷರಕ್ಕೆ ನಗಬೇಡ. ನಾಲ್ಕನೇ ಕ್ಲಾಸು ಮುಗಿಸಿದ್ದೆ. ಅಷ್ಟರಲ್ಲಿ ವಸಾಯಾನಿಗೆ ಹೆಣ್ಣು ತರಬೇಕು, ಬದಲಿಗೆ ಕೊಡಲು ನಾನಿದ್ದೇನೆ ಎಂದು ಮಾತಾಯಿತು. ಕೊಡುವ ಹುಡುಗಿಗೆ ಐದನೇ ಕ್ಲಾಸು ಯಾಕೆ ಎಂದು ಪುಸ್ತಕವನ್ನು ಗೂಡಿನ ಮೇಲಿಟ್ಟರು.

ಓದಿ ಒಲೆಗೆ ಹಾಕು.

ನಿನ್ನ ತವರಿನಿಂದ,
ಕನೀಜ್


ಕೋಟ್ಲಾ
29 ಅಕ್ಟೋಬರ್ 1996

ಕನೀಜ್,

ಕಾಗದ ಬಂತು. ಬಖ್ತೋ ಬುಟ್ಟಿಯ ಅಡಿಯಿಂದ ತೆಗೆದುಕೊಡುವಾಗ ನಿನ್ನಮ್ಮ ಹಿತ್ತಿಲಲ್ಲಿ ಹಾಲು ಕರೆಯುತ್ತಿದ್ದರು.

ಬಾಗಿಲ ಹತ್ತಿರ ನೀರಿಟ್ಟೆ, ಕೇಳುವ ಮೊದಲೇ. ನಿನ್ನಣ್ಣ ಚೊಂಬು ನೋಡಿ, "ಏನಿದು ಹೊಸ ಸೇವೆ? ಏನು ಕಿತಾಪತಿ ಮಾಡಿದ್ದೀಯ?" ಅಂದ. ಚೊಂಬು ನನ್ನ ಮೊಣಕಾಲಿಗೆ ಬಂತು. ಆ ಉಪಾಯ ಬಿಡು.

ಗೋಧಿ ಬಿತ್ತನೆಯಾದ ಮೇಲೆ ತಣ್ಣಗಾಗುತ್ತಾನೆ ಅಂದೆಯಲ್ಲ, ನಾಲ್ಕು ಸಲ ಗೋಧಿ ಬಿತ್ತಿದ್ದು ನಾನು ನೋಡಿದ್ದೇನೆ. ನೀನಿದ್ದಾಗ ಅವನಿಗೆ ಹೊಡೆಯಲು ಹೆಂಡತಿ ಇರಲಿಲ್ಲ, ಅದಕ್ಕೇ ನಿನಗೆ ಅವನು ತಣ್ಣಗೆ ಕಂಡ.

ಮುರೀದ್ ಹುಡುಗನಾಗಿದ್ದಾಗ ಇರುವೆ ಸಾಲು ಕಂಡರೆ ದಾಟಿ ನಡೆಯುತ್ತಿದ್ದ. ಅವನು ನಿನ್ನ ಪಾಲಿಗೆ ಬಂದ. ಬರಲಿ ಬಿಡು, ಅದರಲ್ಲಿ ನಿನ್ನ ತಪ್ಪೇನಿದೆ. ಆದರೆ ತಡೆದುಕೋ ಅಂತ ನನಗೆ ಬರೆಯಬೇಡ. ನೀನು ಹೇಳದಿದ್ದರೂ ತಡೆದುಕೊಳ್ಳುತ್ತಿದ್ದೇನೆ. ನೀನು ಹೇಳಿದರೆ ಮೈ ಉರಿಯುತ್ತದೆ.

ನಾನು ಅಲ್ಲಿಗೆ ಬಂದು ಕೂರುವುದಿಲ್ಲ. ನಿನ್ನ ಮಗಳ ಜೋಲಿ ಅಲುಗಾಡುವುದಿಲ್ಲ. ಹೋಗಿ ಅವಳ ಕಿವಿ ನೋಡಿಕೋ.

ತಾಜೋ


ಟಾಹ್ಲೀವಾಲಾ
21 ನವೆಂಬರ್ 1996

ತಾಜೋ ಅತ್ತಿಗೆಗೆ ಸಲಾಂ.

ನೀನು ಸಿಟ್ಟಾಗಿದ್ದೀ. ಆಗು. ನಾನು ಆ ಮಾತು ಬರೆಯಬಾರದಿತ್ತು. ಕಾಗದ ಕಳಿಸಿದ ಕ್ಷಣದಿಂದ ಬಖ್ತೋಳನ್ನು ಓಡಿಹೋಗಿ ಹಿಡಿಯಲೇ ಅನ್ನಿಸುತ್ತಿತ್ತು. ಮಿಸ್ರೀ ಕಿವಿ ಸರಿಯಾಗಿದೆ, ಈಗ ಕೆಮ್ಮು.

ಇಲ್ಲಿ ಒಂದು ಸಂಗತಿ ನಡೆಯಿತು. ನಿನ್ನ ರಬನವಾಜ್ ಚಾಚಾಗೆ ಅಲಿಪುರದ ದನದ ಸಂತೆಯಲ್ಲಿ ಯಾರೋ ನಿನ್ನ ಸುದ್ದಿ ಹೇಳಿದ್ದಾರೆ. ಬಂದವರೇ ಗಂಡಸರು ಕೂರುವ ದೇರಾದಲ್ಲಿ ಹತ್ತು ಹನ್ನೆರಡು ಜನರ ಮುಂದೆ ಮುರೀದ್‌ಗೆ ಹೀಗೆ ಅಂದರಂತೆ: "ಅಲ್ಲಿ ನಮ್ಮ ಹುಡುಗಿ ಏಟು ತಿಂತಾಳೆ. ಇಲ್ಲಿ ಅವರ ಹುಡುಗಿ ಮಂಚದ ಮೇಲೆ ಕೂತು ತುಪ್ಪ ತಿಂತಾಳೆ. ಬಳೆಯವಳು ಬರ್ಲಿ ಮುರೀದ್, ನಿನ್ನ ಕೈಗೂ ಒಂದು ಡಜನ್ ತೊಡಿಸಿಬಿಡೋಣ." ಎಲ್ಲರೂ ನಕ್ಕರಂತೆ. ನಿನ್ನ ಅಬ್ಬಾ ನಗಲಿಲ್ಲ. ಮಾತೂ ಆಡಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ ಮುರೀದ್ ಒಳಗೆ ಬಂದರು. ಬಂದು ಚಿಲಕ ಹಾಕಿದರು. ಕೈಯಲ್ಲಿ ಎತ್ತು ಹೊಡೆಯುವ ಕೋಲು. ನನಗೆ ಮಗುವನ್ನು ಎತ್ತಿಕೊಳ್ಳಲೂ ಆಗಲಿಲ್ಲ. ಅವರು ಗೋಡೆಗೆ ಪೇರಿಸಿಟ್ಟ ಕೌದಿಗಳನ್ನು ಎಳೆದು ನೆಲಕ್ಕೆ ಹಾಕಿ, ಪಿಸುಮಾತಿನಲ್ಲಿ "ಕಿರುಚು" ಅಂದರು. ಏನು ಅಂದೆ. "ಕಿರುಚು ಕನೀಜ್. ಗೋಡೆ ಆಚೆ ಚಾಚಾ ಕೂತಿದ್ದಾರೆ."

ಹೊಡೆದರು ನೋಡು, ಕೌದಿಗೆ. ನಿನ್ನ ಅಮ್ಮ ಹೊಲಿದ ದೊಡ್ಡ ಕೌದಿಗೇ ಹೆಚ್ಚು ಬಿತ್ತು. ನಾಲ್ಕು ವರ್ಷದ ಧೂಳು ಎದ್ದು ಅವರಿಗೆ ಸೀನು ಬಂತು. ನನಗೆ ನಗು ಬಂದು, ನಗುವನ್ನೇ ಎಳೆದು ಅಳುವಾಗಿ ಮಾಡಿದೆ. ಮಿಸ್ರೀ ಎಚ್ಚರವಾಗಿ ನಿಜವಾಗಿ ಅತ್ತಳು. ಅದೇ ಎಲ್ಲಕ್ಕಿಂತ ಅನುಕೂಲವಾಯಿತು. ಸಂಜೆ ಚಾಚಿ ಅರಿಸಿನದ ಬಿಸಿ ಹಾಲು ಕಳಿಸಿದರು. ಎರಡು ದಿನ ಕುಂಟಿದೆ. ಎರಡನೆಯ ದಿನ ಯಾವ ಕಾಲು ಅಂತ ಮರೆತು ಇನ್ನೊಂದರಲ್ಲಿ ಕುಂಟಿದೆ. ಯಾರೂ ಗಮನಿಸಲಿಲ್ಲ.

ಇದನ್ನು ಯಾಕೆ ಬರೆದೆನೆಂದರೆ, ಈ ಸುದ್ದಿ ಅಲ್ಲಿಗೆ ಬಂದೇ ಬರುತ್ತದೆ. ವಸಾಯಾಗೆ ನಾನೆಂದರೆ ಜೀವ. ತಾನು ಅಲ್ಲಿ ಕೈಯೆತ್ತಿದರೆ ಇಲ್ಲಿ ತಂಗಿಗೆ ಬೀಳುತ್ತದೆ ಎಂದು ಗೊತ್ತಾದರೆ ಅವನು ಇನ್ನು ಸುಮ್ಮನಾಗುತ್ತಾನೆ. ನೋಡುತ್ತಿರು. ಈ ಉಪಾಯ ನಮಗೆ ಮೊದಲೇ ಹೊಳೆಯಬೇಕಿತ್ತು.

ನಿನಗೆ ಒಳ್ಳೆಯದಾಗಲಿ ಎಂದು ಬೇಡುವ,
ಕನೀಜ್


ಕೋಟ್ಲಾ
11 ಡಿಸೆಂಬರ್ 1996

ಕನೀಜ್,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಮೂರು ಸಾಲು.

ನೀನು ಚೆನ್ನಾಗಿ ಕಿರುಚಿದೆಯಂತೆ. ಸುದ್ದಿ ಕಾಲುವೆ ದಾಟುವ ಹೊತ್ತಿಗೆ ನಿನ್ನ ಎರಡು ಪಕ್ಕೆಲುಬು ಮುರಿದಿದ್ದವು. ಕೋಟ್ಲಾ ಮುಟ್ಟುವ ಹೊತ್ತಿಗೆ ನೀನು ರಕ್ತ ಕಾರುತ್ತಿದ್ದೆ. ನಿನ್ನಮ್ಮ ಎದೆ ಬಡಿದುಕೊಂಡು ಅತ್ತರು. ಅತ್ತು ಮುಗಿಸಿ ನನ್ನ ಕಡೆ ತಿರುಗಿದರು. "ನನ್ನ ಮಗಳ ಮೈಮೇಲೆ ಬಿದ್ದಿದ್ದು ಇವಳ ಮೈಮೇಲೂ ಕಾಣ್ಬೇಕು ವಸಾಯಾ" ಅಂದರು.

ನಿನ್ನಣ್ಣ ಕೌದಿ ಹುಡುಕಲಿಲ್ಲ.

ಅದು ಸುಳ್ಳು ಸುದ್ದಿ, ನನ್ನಣ್ಣ ಹೊಡೆಯುವವನೇ ಅಲ್ಲ ಎಂದು ನಾನು ಕೂಗಿದೆ. ಅದೇ ತಪ್ಪಾಯಿತು. "ನಿನ್ನಣ್ಣ ಸಾಧು, ನಾನು ರಾಕ್ಷಸ, ಅಲ್ವಾ?" ಅಂದ. ಅಲ್ಲಿಂದ ಮುಂದೆ ಎಣಿಸಲಿಲ್ಲ.

ಬಲ ಮುಂಗೈ ಎರಡು ಕಡೆ ಮುರಿದಿದೆ. ಮೂಳೆ ಕೂಡಿಸುವ ಮುದುಕ ಬಿದಿರಿನ ಸೀಳು ಕಟ್ಟಿ ನಲವತ್ತು ದಿನ ಅಂದಿದ್ದಾನೆ. ನನ್ನ ಶಬೀರ್‌ಗೆ ಮೂರು ವರ್ಷ. ಅವನು ಬಂದು ಸೀಳಿನ ಮೇಲೆ ಕೋಲಿನಿಂದ ತಟ್ಟಿ ಸದ್ದು ಕೇಳುತ್ತಾನೆ. ಅವನಿಗೆ ಆಟ.

ನಿನ್ನ ಕಾಗದ ಇದೆಲ್ಲ ಆಗಿ ಆರು ದಿನಕ್ಕೆ ಕೈಸೇರಿತು. ಸೀನಿದ ಜಾಗ ಓದಿ ನಗು ಬಂತು. ನಕ್ಕರೆ ಪಕ್ಕೆ ನೋಯುತ್ತದೆ.

ಮುಂದಿನ ಸಲ ಮುರೀದ್‌ಗೆ ಹೇಳು, ಕೌದಿಗೆ ಸ್ವಲ್ಪ ಮೆಲ್ಲಗೆ ಹೊಡೆಯಲಿ.

ತಾಜೋ


ಟಾಹ್ಲೀವಾಲಾ
19 ಡಿಸೆಂಬರ್ 1996

ಅತ್ತಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೆಯ ಸಲ ಅಕ್ಷರ ಕಾಣಲಿಲ್ಲ.

ಮುರೀದ್‌ಗೆ ಓದಿ ಹೇಳಿದೆ. ನಾಳೆಯೇ ಕೋಟ್ಲಾಕ್ಕೆ ಹೋಗಿ ಅಮ್ಮನಿಗೆ ನನ್ನ ಬೆನ್ನು ತೋರಿಸಿ ಬರುತ್ತೇನೆ, ನನಗೆ ಒಂದು ಗೀರೂ ಬಿದ್ದಿಲ್ಲ ಎಂದು ಅವರಿಗೆ ತಿಳಿಯಲಿ ಅಂದೆ.

"ತೋರಿಸಿದ್ರೆ ದೇರಾದಲ್ಲಿ ನಾನು ತಲೆ ಎತ್ತೋ ಹಾಗಿಲ್ಲ. ಮುರೀದ್ ಕೌದಿಗೆ ಹೊಡೆದ ಅಂತ ನನ್ನ ಮೊಮ್ಮಕ್ಕಳ ಕಾಲಕ್ಕೂ ನಗ್ತಾರೆ" ಅಂದರು.

"ತಾಜೋ ಕೈ ಮುರಿದಿದೆ."

"ಗೊತ್ತು."

"ನಿಮ್ಮ ತಂಗಿ."

"ಗೊತ್ತು ಅಂದ್ನಲ್ಲ."

ಎದ್ದು ದನಗಳ ಹತ್ತಿರ ಹೋದರು. ಅಲ್ಲಿ ಹುಲ್ಲಿನ ಮೆದೆಗೆ ಹಣೆ ಒತ್ತಿ ಅಳುತ್ತಿದ್ದರು. ನಾನು ನೋಡಿದೆ. ನಾನು ನೋಡಿದ್ದು ಅವರಿಗೂ ಗೊತ್ತು. ಆದರೆ ಕೋಟ್ಲಾಕ್ಕೆ ಹೋಗಲಿಲ್ಲ.

ನಾನೂ ಹೋಗಲಿಲ್ಲ. ಇದನ್ನು ಬರೆಯದೆ ಕಾಗದ ಮಡಚಿಬಿಡಬಹುದಿತ್ತು. ಚಳಿ, ಮಗುವಿಗೆ ಕೆಮ್ಮು, ಯಾರ ಜೊತೆ ಹೋಗಲಿ, ಮುರೀದ್ ಮುನಿಸಿಕೊಂಡರೆ, ಚಾಚಾ ನಿಜವಾಗಿ ಹೊಡೆಸಿದರೆ. ಕಾರಣ ಹುಡುಕುವುದರಲ್ಲಿ ನನ್ನಷ್ಟು ಜಾಣೆ ಯಾರಿದ್ದಾರೆ. ಹೆದರಿದೆ ಅಷ್ಟೇ.

ಬಖ್ತೋ ಕೈಯಲ್ಲಿ ತುಪ್ಪ, ಅರಿಸಿನ, ಒಂದಿಷ್ಟು ತಿನ್ನುವ ಗೋಂದು ಕಳಿಸಿದ್ದೇನೆ. ಗೋಂದನ್ನು ತುಪ್ಪದಲ್ಲಿ ಹುರಿದು ತಿಂದರೆ ಮೂಳೆ ಬೇಗ ಕೂಡುತ್ತದೆ. ಬೈದಾದರೂ ಎರಡು ಸಾಲು ಬರೆ.

ಮುಖ ತೋರಿಸಲಾಗದ,
ಕನೀಜ್


ಟಾಹ್ಲೀವಾಲಾ
23 ಜನವರಿ 1997

ತಾಜೋ,

ಇದು ನಾಲ್ಕನೆಯ ಕಾಗದ. ಹಿಂದಿನ ಮೂರಕ್ಕೂ ನೀನು ಉತ್ತರ ಬರೆದಿಲ್ಲ. ಕಟ್ಟು ಬಿಚ್ಚಿದ್ದಾರೆ, ಮುಂಗೈ ಸೊಟ್ಟಗೆ ಕೂಡಿದೆ ಎಂದು ಬಖ್ತೋ ಹೇಳಿದಳು. ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಇದನ್ನು ಮಾತ್ರ ಓದು.

ನಿನ್ನ ಚಾಚಾ, ಕೋಟ್ಲಾದಿಂದ ಬಂದ ನನ್ನ ಮಾಮಾ ಇಬ್ಬರೂ ಮೊನ್ನೆ ಇಲ್ಲಿ ಕೂತಿದ್ದರು. ರೋಜಾ ಉಪವಾಸ ಬಿಡುವ ಹೊತ್ತಿಗೆ ಖರ್ಜೂರ ತಿನ್ನುತ್ತ ರಾಜಿ ಮಾಡಿದರು. ಎರಡು ಮನೆಯ ಗಂಟು ಸಡಿಲವಾಗಿದೆಯಂತೆ. ಅದಕ್ಕೆ ಇನ್ನೊಂದು ಗಂಟು ಹಾಕಬೇಕಂತೆ. ನನ್ನ ಮಿಸ್ರೀಯನ್ನು ನಿನ್ನ ಶಬೀರ್‌ಗೆ ಗೊತ್ತು ಮಾಡಿದ್ದಾರೆ. ಈದ್ ಮೂರನೆಯ ದಿನ ಕೋಟ್ಲಾದಲ್ಲಿ ದುವಾ ಓದಿ, ನೀನು ನಿನ್ನ ಕೈಯಾರೆ ಅವಳಿಗೆ ಕೆಂಪು ದುಪಟ್ಟಾ ಹೊದಿಸಬೇಕು, ಆಮೇಲೆ ಸಕ್ಕರೆ ಹಂಚುತ್ತಾರೆ. ನಿನಗೆ ಹೇಳಿದರೋ ಇಲ್ಲವೋ. ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಮುರೀದ್ ಹೇಳಿದರು. ಜೋಲಿ ತೂಗುತ್ತ ಹೇಳಿದರು, ಒಳ್ಳೆಯ ಸುದ್ದಿ ತಂದವರ ಹಾಗೆ. "ಒಳ್ಳೇದಾಯ್ತು ಕನೀಜ್. ಇನ್ಮೇಲೆ ಯಾರೂ ಯಾರಿಗೂ ಹೊಡೆಯಲ್ಲ."

ಯಾಕೆ ಅಂದೆ.

"ಮಿಸ್ರೀ ಅವರ ಸೊಸೆ ಆಗೋಳಲ್ವಾ. ಅವಳ ಮುಖ ನೋಡಿ ತಾಜೋ ಮೇಲೆ ಕೈ ಎತ್ತಲ್ಲ."

"ಮಿಸ್ರೀಗೆ ಹೊಡೆದ್ರೆ?"

"ಅದಕ್ಕೆ ಇನ್ನೂ ಹದಿನೈದು ವರ್ಷ ಇದೆ."

ತಾಜೋ, ಆ ಮಾತು ಕೇಳಿ ನನ್ನ ಕಿವಿಯೊಳಗೆ ಏನೋ ಕುದಿಯಿತು. ಇವಳ ಬದಲಿಗೆ ಅವರು ಯಾರನ್ನು ಕೊಡುತ್ತಾರೆ ಎಂದು ಕೇಳಿದೆ. ಯೋಚನೆ ಮಾಡಿ, ಲೆಕ್ಕ ತಪ್ಪಬಾರದು ಅನ್ನುವ ಹಾಗೆ ಹೇಳಿದ: "ಮುಂದೆ ನಮಗೆ ಗಂಡು ಹುಟ್ಟಿದ್ರೆ, ತಾಜೋಗೆ ಹುಟ್ಟೋ ಹೆಣ್ಣು."

ಹುಟ್ಟದೇ ಇರುವವನಿಗೆ ಹುಟ್ಟದೇ ಇರುವವಳು. ಅವಳ ಮುಂಗೈಯನ್ನೂ ಈಗಲೇ ಮುರಿದು ಕಟ್ಟಿಬಿಡಬಹುದಿತ್ತು.

ಈ ಮನುಷ್ಯ ನನಗೆ ಒಂದು ಏಟೂ ಹೊಡೆದವನಲ್ಲ. ಹೊಡೆಯುವುದಿಲ್ಲ ಅನ್ನುವುದನ್ನೇ ನಾನು ನಾಲ್ಕು ವರ್ಷ ತುಪ್ಪದ ಹಾಗೆ ನೆಕ್ಕಿಕೊಂಡು ಬದುಕಿದೆ. ಮಗಳನ್ನು ಕೊಡುವಾಗಲೂ ಅವನ ದನಿ ಏರಲಿಲ್ಲ.

ಆ ಸಂಜೆ ತಂದೂರಿಗೆ ನೀರು ಸುರಿದೆ. ರೋಜಾ ಬಿಡಲು ಮನೆಯಲ್ಲಿ ರೊಟ್ಟಿ ಇರಲಿಲ್ಲ. ನಿನ್ನ ಅಬ್ಬಾ ಕೇಳಿದರು. "ಮೂರನೇ ದಿನ ಸಕ್ಕರೆ ಹಂಚ್ತೀರಲ್ಲ, ಅದನ್ನೇ ತಿನ್ನಿ" ಅಂದೆ. ಮಾವನಿಗೆ ಎದುರು ಮಾತಾಡಿದ್ದು ಇದೇ ಮೊದಲು. ಆಮೇಲೆ ಅಲ್ಲೇ ಕೂತೆ, ಕ್ಷಮೆ ಕೇಳಲಿಲ್ಲ.

ನೀನು ಹುಡುಗನ ತಾಯಿ. ನೀನು ಒಲ್ಲೆ ಅಂದುಬಿಡು.

ಕನೀಜ್


ಕೋಟ್ಲಾ
29 ಜನವರಿ 1997

ಕನೀಜ್,

ನಾಲ್ಕು ತಿಂಗಳ ಹಿಂದೆ ನನಗೆ ತಡೆದುಕೋ ಅಂದೆ. ನಿನ್ನ ಮಗಳಿಗೆ ಏಳು ತಿಂಗಳು. ಅವಳಿಗೂ ಹೇಳು, ತಡೆದುಕೋ ಅಂತ. ಬಾಗಿಲ ಹತ್ತಿರ ನೀರಿಡುವುದು ಹೇಗೆ ಎಂದು ಈಗಿನಿಂದಲೇ ಕಲಿಸು.

ಇದನ್ನು ಬರೆದು ಎರಡು ದಿನ ಹಾಗೇ ಇಟ್ಟಿದ್ದೆ. ಇಷ್ಟೇ ಕಳಿಸಬೇಕೆಂದಿದ್ದೆ. ನನ್ನ ಕೈ ಮುರಿದಾಗ ನೀನು ಗೋಂದು ಕಳಿಸಿದೆ, ನಿನ್ನ ಮಗಳ ಮಾತು ಬಂದಾಗ ತಂದೂರು ಆರಿಸಿದೆ. ಇದನ್ನು ನಾನು ಮರೆಯುವುದಿಲ್ಲ, ನೀನೂ ಮರೆಯಬೇಡ. ಈಗ ಮುಂದಿನದು.

ನಿನ್ನೆ ಶಬೀರ್ ರೊಟ್ಟಿ ತಡವಾಯಿತು ಎಂದು ಕೋಲು ತಂದು ನನ್ನ ಕಾಲಿಗೆ ಹೊಡೆದ. ನಿನ್ನಮ್ಮ ನಕ್ಕು ಅವನನ್ನು ಎತ್ತಿ ಮುದ್ದಿಟ್ಟರು. "ಅಪ್ಪನ ಮಗ" ಅಂದರು. ಈ ಮನೆಯಲ್ಲಿ ಬೆಳೆಯುವ ಗಂಡಿಗೆ ನಾನು ಯಾರ ಮಗಳನ್ನೂ ತರುವುದಿಲ್ಲ. ನಿನ್ನ ಮಗಳನ್ನಂತೂ ಬೇಡ.

ಬಾಯಲ್ಲಿ ಒಲ್ಲೆ ಅಂದರೆ ಇನ್ನೊಂದು ಕೈ ಮುರಿಯುತ್ತದೆ. ಅದಕ್ಕೆ ಬಾಯಿ ಬೇಡ. ಈದ್ ದಿನ ಎಂದಿನಂತೆ ನಮ್ಮಿಬ್ಬರನ್ನೂ ತವರಿಗೆ ಕಳಿಸುತ್ತಾರೆ. ಒಬ್ಬಳು ಎಷ್ಟು ದಿನವೋ ಇನ್ನೊಬ್ಬಳೂ ಅಷ್ಟೇ ದಿನ. ಕಾಲುವೆ ಸೇತುವೆ ಹತ್ತಿರ ಎರಡು ಟಾಂಗಾ ನಿಲ್ಲುತ್ತವೆ, ನಾನು ಆ ಕಡೆಗೆ ನಡೆಯುತ್ತೇನೆ, ನೀನು ಈ ಕಡೆಗೆ. ಮೂರನೆಯ ದಿನ ದುಪಟ್ಟಾ ಹೊದಿಸಲು ನನ್ನನ್ನು ಕೋಟ್ಲಾಕ್ಕೆ ಕರೆತರಬೇಕು. ನಾನು ಬರುವುದಿಲ್ಲ. ನೀನೂ ಟಾಹ್ಲೀವಾಲಾಕ್ಕೆ ವಾಪಸ್ ಹೋಗಬೇಡ. ಇಬ್ಬರೂ ನಮ್ಮ ನಮ್ಮ ತವರಿನಲ್ಲೇ ಇದ್ದರೆ ಅವರು ಯಾರನ್ನು ಅಟ್ಟುತ್ತಾರೆ?

ಮಿಸ್ರೀ ಹಾಲು ಕುಡಿಯುವ ಕೂಸು, ನಿನ್ನ ಜೊತೆ ಬರುತ್ತಾಳೆ. ಶಬೀರ್‌ನನ್ನು ನನ್ನ ಜೊತೆ ಕಳಿಸುವುದಿಲ್ಲ, ಅಜ್ಜಿಯ ಹತ್ತಿರ ಇಟ್ಟುಕೊಳ್ಳುತ್ತಾರೆ. ನನಗೆ ಗೊತ್ತು. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅವನು ಎಡಮಗ್ಗುಲಿಗೆ ಮಲಗುತ್ತಾನೆ.

ತಾಜೋ


ಟಾಹ್ಲೀವಾಲಾ
4 ಫೆಬ್ರವರಿ 1997

ತಾಜೋ,

ಮುರೀದ್ ಬಂದು ಕರೆದರೆ? ಅಮ್ಮ ಒಳಗೇ ಸೇರಿಸದಿದ್ದರೆ? ಮಗುವನ್ನು ಕಿತ್ತುಕೊಂಡರೆ? ಸೇತುವೆಯ ಮೇಲೆ ನಿನ್ನ ಮುಖ ನೋಡಿ ನಾನೇ ಅತ್ತುಬಿಟ್ಟು ಎಲ್ಲರಿಗೂ ಗೊತ್ತಾದರೆ? ನೀನು ಅಲ್ಲಿ ಮನಸ್ಸು ಬದಲಿಸಿದರೆ? ಈದ್ ಚಂದ್ರ ಕಾಣುವುದು ಒಂದು ದಿನ ತಡವಾದರೆ? ನಾನು ಎಷ್ಟು ಬಟ್ಟೆ ಕಟ್ಟಿಕೊಳ್ಳಲಿ? ಮೂರು ದಿನದ್ದಕ್ಕಿಂತ ಹೆಚ್ಚಾದರೆ ಚಾಚಿಗೆ ಅನುಮಾನ ಬರುತ್ತದೆ. ಮಿಸ್ರೀಗೆ ಉಣ್ಣೆ ಅಂಗಿಯ ಮೇಲೆ ಉಣ್ಣೆ ಅಂಗಿ ತೊಡಿಸುತ್ತೇನೆ.

ನೀನು ಬರೆದದ್ದೆಲ್ಲ ನಿಜ. ಗೋಂದಿನ ಮಾತೂ ನಿಜ.

ಬರುತ್ತೇನೆ.

ಕನೀಜ್


ಕೋಟ್ಲಾ
14 ಫೆಬ್ರವರಿ 1997

ತಾಜೋಗೆ ಕನೀಜ್ ಮಾಡುವ ಸಲಾಂ.

ಸೇತುವೆಯ ಮೇಲೆ ನೀನು ನನ್ನ ಕಡೆ ನೋಡಲೇ ಇಲ್ಲ. ಮಿಸ್ರೀ ತಲೆ ಮೇಲೆ ಮಾತ್ರ ಕೈಯಿಟ್ಟೆ, ಆ ಸೊಟ್ಟ ಕೈ. ಮೊದಲು ಯಾಕೆ ನೋಡಲಿಲ್ಲ ಎಂದು ಕೊರಗಿದೆ. ಆಮೇಲೆ ನೋಡದಿದ್ದದ್ದೇ ಒಳ್ಳೆಯದು ಅನ್ನಿಸಿತು.

ಮೊದಲ ದಿನವೇ ಅಂಗಳದಲ್ಲಿ, ಹಗಲು ಬೆಳಕಿನಲ್ಲಿ, ಪಕ್ಕದ ಮನೆ ಹೆಂಗಸರೂ ಇರುವಾಗ ಅಮ್ಮನ ಕಡೆ ಬೆನ್ನು ತಿರುಗಿಸಿ ಅಂಗಿ ಎತ್ತಿದೆ. "ಎಲ್ಲಿದೆ ತೋರ್ಸು" ಅಂದೆ. ಅಮ್ಮ ಒಂದೊಂದೇ ಪಕ್ಕೆಲುಬಿನ ಮೇಲೆ ಬೆರಳಾಡಿಸಿ ನೋಡಿದಳು. ಕೌದಿಯ ವಿಷಯ ಹೇಳಿದೆ. "ಹಾಗಾದ್ರೆ ಅವಳ ಕೈ ಸುಮ್ನೆ ಮುರಿದ್ವಾ?" ಅಂದಳು. ನನಗೆ ಏಟು ಬಿದ್ದಿದ್ದರೆ ಅದು ಸರಿ ಇತ್ತು. ಬೀಳಲಿಲ್ಲವಲ್ಲ ಅನ್ನುವುದೇ ಅವಳ ದುಃಖ. ನನ್ನನ್ನು ಹೆತ್ತವಳು ಅವಳು, ತಾಜೋ.

ವಸಾಯಾ ಕೇಳಿ ನಕ್ಕ. "ಆ ಮುರೀದ್ ಗಂಡಸೇ ಅಲ್ಲ" ಅಂದ. ಕೈಯಲ್ಲಿದ್ದ ಬಿಸಿ ಶಾವಿಗೆ ತಟ್ಟೆಯನ್ನು ಅವನ ಎದೆಗೆ ಎಸೆದೆ. ಹೊಡೆಯಲು ಎದ್ದ. ಹೊಡಿ ಅಂದೆ, ನಾನು ನಿನ್ನ ಹೆಂಡತಿಯಲ್ಲ, ನನಗೆ ಹೊಡೆದರೆ ಬದಲಿಗೆ ಯಾರಿಗೂ ಏಟು ಬೀಳುವುದಿಲ್ಲ ಅಂದೆ. ಅವನಿಗೆ ಏನು ತೋಚಿತೋ, ಅಂಗಿ ಒರೆಸಿಕೊಂಡು ಹೊರಗೆ ಹೋದ.

ಮೂರನೆಯ ದಿನ ಎಲ್ಲರೂ ಸೇರಿದ್ದರು. ಸಕ್ಕರೆ ತಟ್ಟೆ, ಮೌಲ್ವಿ ಸಾಹೇಬರು, ಕೆಂಪು ದುಪಟ್ಟಾ. ನಿನ್ನ ದಾರಿ ಕಾಯುತ್ತಿದ್ದರು. ಟಾಂಗಾ ಬಂತು. ನಿನ್ನ ಚಾಚಾ ಒಬ್ಬರೇ ಇಳಿದರು. ಮುಖ ಹಸಿಮೆಣಸಿನಕಾಯಿ ಕಚ್ಚಿದವರ ಹಾಗಿತ್ತು. "ಹುಡುಗಿ ಬರಲ್ಲ ಅಂತಾಳೆ" ಅಂದರು.

ನನ್ನ ಮಾಮಾ ತಕ್ಷಣ ಅಂದರು: "ಹಾಗಾದ್ರೆ ನಮ್ಮ ಹುಡುಗೀನ ವಾಪಸ್ ಕಳಿಸಿ."

"ನಿಮ್ಮ ಹುಡುಗಿ ಇಲ್ಲೇ ಇದ್ದಾಳಲ್ಲ" ಅಂದರು ಚಾಚಾ.

ಹೆದರಿಸಲು ಇಬ್ಬರ ಹತ್ತಿರವೂ ಯಾರೂ ಉಳಿದಿರಲಿಲ್ಲ. ಮೌಲ್ವಿ ಸಾಹೇಬರು ಚಹಾ ಕುಡಿದು ಎದ್ದರು. ಸಕ್ಕರೆಗೆ ಇರುವೆ ಬಂದವು. ಇಷ್ಟು ಹೇಳುವಾಗಲೂ ನನಗೆ ಸಿಟ್ಟೇ ಬರುತ್ತಿದೆ. ಇಷ್ಟು ಸುಲಭದ್ದಕ್ಕೆ ನಿನ್ನ ಕೈ ಹೋಗಬೇಕಿತ್ತೇ.

ಶಬೀರ್ ಎಡಮಗ್ಗುಲಿಗೇ ಮಲಗುತ್ತಾನೆ, ನನ್ನ ಪಕ್ಕ. ಮೊದಲೆರಡು ದಿನ ಹೊಡೆದ. ನಾನು ಕೋಲು ಮುರಿದು ಒಲೆಗೆ ಹಾಕಿದೆ. ಅತ್ತ. ಈಗ ಮಿಸ್ರೀ ಜೋಲಿ ತೂಗುತ್ತಾನೆ, ಜೋರಾಗಿ ತೂಗಿ ಬೈಸಿಕೊಳ್ಳುತ್ತಾನೆ. ನಿನ್ನನ್ನು ಕೇಳುತ್ತಾನೆ. ಏನು ಹೇಳುತ್ತೇನೆ ಎಂದು ಬರೆಯುವುದಿಲ್ಲ.

ಕನೀಜ್


ಟಾಹ್ಲೀವಾಲಾ
24 ಫೆಬ್ರವರಿ 1997

ಕನೀಜ್,

ದಿನಾ ಯಾರಾದರೂ ಬಂದು ನನ್ನ ಮುಂದೆ ಕೂರುತ್ತಾರೆ. ವಸಾಯಾ ಕುರಾನ್ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನಂತೆ. ಯಾವ ಕೈ ಎಂದು ಕೇಳಿದೆ. ಎದ್ದು ಹೋದರು.

ಅಬ್ಬಾ ನನ್ನ ಮುಂಗೈಯನ್ನು ಒಂದು ದಿನವೂ ನೋಡಿಲ್ಲ. ಊಟಕ್ಕೆ ನಾನು ಬಡಿಸಿದರೆ ತಟ್ಟೆಯನ್ನೇ ನೋಡುತ್ತಾರೆ.

ಮುರೀದ್ ನಿನ್ನನ್ನು ಕರೆತರುತ್ತೇನೆ ಎಂದು ದಿನಾ ಚಪ್ಪಲಿ ಮೆಟ್ಟುತ್ತಾನೆ, ದಿನಾ ಕಳಚುತ್ತಾನೆ. ಚಾಚಾ ಒಪ್ಪಲಿ ಅನ್ನುತ್ತಾನೆ. ಸೊರಗಿದ್ದಾನೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಎರಡು ರೀತಿಯಲ್ಲೂ. ನಾನು ವಾಪಸ್ ಹೋದರೆ ಅವನ ಮನೆ ಸರಿಯಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನ ಕಣ್ಣು ಹೇಳುತ್ತದೆ.

ಶಬೀರ್ ಚಳಿಗೆ ಕಾಲುಚೀಲ ಒಲ್ಲೆ ಅನ್ನುತ್ತಾನೆ. ನಿದ್ದೆ ಬಂದ ಮೇಲೆ ಹಾಕು.

ತಾಜೋ


ಕೋಟ್ಲಾ
8 ಮಾರ್ಚ್ 1997

ತಾಜೋ,

ಮುರೀದ್ ನಿನ್ನೆ ಬಂದಿದ್ದ.

ಬೆಳಗ್ಗೆ ಹತ್ತು ಗಂಟೆಗೆ ಬಂದು ಅಂಗಳದ ಮಂಚದ ಮೇಲೆ ಕೂತ. ಅಮ್ಮ ಮಜ್ಜಿಗೆ ಕೊಟ್ಟಳು. ಮಿಸ್ರೀ ಗುರುತು ಹಿಡಿದು ಮೀಸೆ ಎಳೆದಳು. ಅವನ ಕತ್ತಿನ ಮೂಳೆ ಕಾಣುತ್ತಿತ್ತು. ನಾನು ಕಂಬ ಹಿಡಿದುಕೊಂಡೇ ನಿಂತಿದ್ದೆ.

"ಬಾ, ಹೋಗೋಣ" ಅಂದ.

"ಚಾಚಾ ಒಪ್ಪಿದ್ರಾ?"

"ಒಪ್ಪಿದ್ದಾರೆ. ಮಿಸ್ರೀ ಮಾತು ಸದ್ಯಕ್ಕೆ ಯಾರೂ ಎತ್ತಲ್ಲ. ತಾಜೋ ಇಲ್ಲಿಗೆ ಬರ್ತಾಳೆ, ನೀನು ಅಲ್ಲಿಗೆ ಬರ್ತೀಯ. ಮೊದಲಿನ ಹಾಗೇ."

ಸದ್ಯಕ್ಕೆ ಅನ್ನುವ ಮಾತನ್ನು ಎಷ್ಟು ಮೆತ್ತಗೆ ಅಂದ ಗೊತ್ತಾ. ನಾನು ಕೇಳಿದೆ, ತಾಜೋ ಬರದಿದ್ದರೆ? ನಾನೊಬ್ಬಳೇ ಬರುತ್ತೇನೆ, ಯಾರ ಬದಲಿಗೂ ಅಲ್ಲ, ಸುಮ್ಮನೆ ನಿಮ್ಮ ಹೆಂಡತಿ ಅಂತ. ಕರೆದುಕೊಂಡು ಹೋಗುತ್ತೀರಾ?

ಅವನು ಪೇಟದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದ. ನಾನು ಕಾದೆ. ಇಷ್ಟು ಹೊತ್ತು ಯಾವುದಕ್ಕೂ ನಾನು ಕಾದಿರಲಿಲ್ಲ.

"ಹಾಗೆ ಹೇಗಾಗುತ್ತೆ ಕನೀಜ್?" ಅಂದ.

ಕೂಗಬೇಕು ಅನ್ನಿಸಿತು. ನಿನ್ನ ತಂಗಿಯ ಕೈ, ನಿನ್ನ ಮಗಳ ಹದಿನೈದು ವರ್ಷ, ನನ್ನ ನಾಲ್ಕು ವರ್ಷ, ಎಲ್ಲ ಆ ಹೇಗಾಗುತ್ತೆ ಅನ್ನುವುದರ ಮುಂದೆ ಕೂತಿವೆ, ಎದ್ದು ನೋಡು ಎಂದು. ಕೂಗಲಿಲ್ಲ. ಹಿಟ್ಟು ಕಲಸಿ ರೊಟ್ಟಿ ಬೇಯಿಸಿ ಬಡಿಸಿದೆ. ಎರಡು ತಿಂದ. ಮಿಸ್ರೀಯನ್ನು ನನ್ನ ಕೈಗೆ ಕೊಡುವಾಗ ಬೆರಳು ತಾಕಿತು. ಹೊರಟುಹೋದ.

ಹೇಳದಿದ್ದರೆ ನಿದ್ದೆ ಬರುವುದಿಲ್ಲ, ಹೇಳಿಬಿಡುತ್ತೇನೆ. ಅವನು ಬಾಗಿಲು ದಾಟುವಾಗ ನನ್ನ ಕಾಲು ಎರಡು ಹೆಜ್ಜೆ ತಾನಾಗೇ ಹೋಯಿತು. ನಾನೇ ನಿಲ್ಲಿಸಿದೆ.

ಈಗ ಅವನು ನಿನ್ನ ಮುಂದೆ ಬಂದು ಅಳುತ್ತಾನೆ. ಅಳಲಿ. ನಿನಗೆ ಕರುಳು ಕಿವುಚುತ್ತದೆ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಜೊತೆಗೆ ಇಲ್ಲಿ ಶಬೀರ್ ಇದ್ದಾನೆ. ಹೋಗಲಿ ಬಿಡು, ನಾನು ಕೋಟ್ಲಾಕ್ಕೆ ಹೋಗುತ್ತೇನೆ, ಅವರಿಬ್ಬರಾದರೂ ಚೆನ್ನಾಗಿರಲಿ ಎಂದು ನಿನಗೆ ಅನ್ನಿಸುತ್ತದೆ. ಅನ್ನಬೇಡ ತಾಜೋ. ನನ್ನ ಸಲುವಾಗಿ ಅಂತೂ ಅನ್ನಬೇಡ.

ನೀನು ಸೇತುವೆಯ ಮೇಲೆ ಒಂದು ಕಾಲಿಟ್ಟರೆ ಇಲ್ಲಿ ನನ್ನನ್ನು ಅದೇ ಗಳಿಗೆಯಲ್ಲಿ ಟಾಂಗಾ ಹತ್ತಿಸುತ್ತಾರೆ. ನಾನು ಬೇಡ ಅನ್ನುವುದಿಲ್ಲ. ಖುಷಿಯಿಂದ ಹತ್ತುತ್ತೇನೆ, ಮಗಳನ್ನು ಎತ್ತಿಕೊಂಡು, ಹಿಂದೆ ತಿರುಗಿ ನೋಡದೆ. ನನಗೆ ನನ್ನ ಬಗ್ಗೆ ಅಷ್ಟು ಗೊತ್ತು.

ಅದಕ್ಕೇ ಕೈಮುಗಿದು ಕೇಳುತ್ತೇನೆ, ಅಲ್ಲೇ ಇರು.

ಕನೀಜ್